ಕಂಫರ್ಟ್ ಅಂದ್ರೆ ಮೆತ್ತನೆ ಸೋಫಾ ಅಲ್ಲ

ಕಳೆದ ಸೆಮ್ ರಿಸಲ್ಟ್ ಬಂದ ರಾತ್ರಿ. ನಮ್ಮ ರೂಮಿನ ಗೆಳೆಯನಿಗೆ ಮ್ಯಾಥ್ಸ್‌ನಲ್ಲಿ ಬ್ಯಾಕ್ ಆಗಿತ್ತು. ನಾವೆಲ್ಲ ಸುತ್ತ ಕೂತು, "ಹೋಗ್ಲಿ ಬಿಡೋ ಮಗಾ, ಎಲ್ರಿಗೂ ಆಗತ್ತೆ" ಅಂದ್ವಿ. ಅವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಕಂಫರ್ಟ್ ಮಾಡೋಕೆ ಹೋಗಿ ನಾವು ಫೇಲ್ ಆಗಿದ್ವಿ. ಹಾಗಾದರೆ ಆ ಪದದ ಅರ್ಥವಾದರೂ ಏನು? ಈ ಸಲ ಅದನ್ನೇ ನೋಡೋಣ.

ಕಂಫರ್ಟ್ ಅಂದ ಕೂಡಲೇ ನಮಗೆ ನೆನಪಾಗೋದು ಸೋಫಾ, ಎಸಿ ಬಸ್ಸು, ಕಂಫರ್ಟ್ ಝೋನ್. ಆದರೆ ಪದದ ಬೇರು ಬೇರೆಯೇ ಇದೆ. ಲ್ಯಾಟಿನ್‌ನಲ್ಲಿ 'ಫೋರ್ಟಿಸ್' ಅಂದರೆ ಬಲಶಾಲಿ. ಅದರ ಹಿಂದೆ 'ಕಾಮ್' ಸೇರಿ ಒತ್ತು ಬಂತು. 'ಕನ್‌ಫೋರ್ಟಾರೆ' ಅಂದರೆ ಚೆನ್ನಾಗಿ ಬಲಪಡಿಸು. ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಕೋಟೆಯ 'ಫೋರ್ಟ್', ನಾವು ದಿನಾ ಬರೆಯೋ 'ಫೋರ್ಸ್', ಕೊನೆಗೆ 'ಎಫರ್ಟ್' ಕೂಡ ಇದೇ ಮನೆತನದವು. ದೇಹಕ್ಕೆ ಸುಖ ಅನ್ನೋ ಅರ್ಥ ಆಮೇಲೆ ಅಂಟಿಕೊಂಡದ್ದು.

ಹಳೆಯ ಅರ್ಥ ಕಾನೂನಿನಲ್ಲಿ ಇನ್ನೂ ಉಳಿದಿದೆ. ಇಂಗ್ಲೆಂಡಿನ 1351ರ ರಾಜದ್ರೋಹದ ಕಾನೂನಿನಲ್ಲೂ, 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದಲ್ಲೂ ಶತ್ರುವಿಗೆ 'ಏಡ್ ಆಂಡ್ ಕಂಫರ್ಟ್' ಕೊಡೋದು ದ್ರೋಹ. ಶತ್ರುವಿಗೆ ಯಾರೂ ತಲೆದಿಂಬು ಕೊಡಲ್ವಲ್ಲ! ಅಲ್ಲಿ ಕಂಫರ್ಟ್ ಅಂದರೆ ಬೆಂಬಲ, ಬಲ.

ಇದರ ಜೊತೆಗೆ 'ಕನ್ಸೋಲ್' ಅನ್ನೋ ಕ್ರಿಯಾಪದವನ್ನು ಇಟ್ಟು ನೋಡಿ. ಅದರ ಲ್ಯಾಟಿನ್ ಮೂಲ 'ಸೋಲಾರಿ', ಅಂದರೆ ನೋವನ್ನು ಶಮನ ಮಾಡು. ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು 'ಸಾಂತ್ವನ ಹೇಳು'. ಕಂಫರ್ಟ್‌ನ ಹಳೆಯ ಅರ್ಥಕ್ಕೆ? ನಮ್ಮ ಅಜ್ಜಿಯರ ಬಾಯಲ್ಲೇ ಇದೆ: 'ಧೈರ್ಯ ತುಂಬು'. ಸಾವಿನ ಮನೆಗೆ ಹೋಗಿಬಂದವರು "ಧೈರ್ಯ ಹೇಳಿ ಬಂದ್ವಿ" ಅಂತಾರೆ. ನೋವು ಹೋಗಲ್ಲ ಅಂತ ಅವರಿಗೂ ಗೊತ್ತು. ಅದನ್ನ ಹೊರೋ ಶಕ್ತಿ ಬರಲಿ ಅಂತ ಹೋಗಿರ್ತಾರೆ.

ನಾವು ಆ ರಾತ್ರಿ ಮಾಡಿದ ತಪ್ಪು ಇಲ್ಲೇ ಇದೆ. ಅವನ ನೋವನ್ನ ಚಿಕ್ಕದು ಮಾಡೋಕೆ ನೋಡಿದ್ವಿ, ಅವನಿಗೆ ಬಲ ಕೊಡಲಿಲ್ಲ. ಮರುದಿನ ನಮ್ಮಲ್ಲೊಬ್ಬ ಹಳೇ ಪ್ರಶ್ನೆಪತ್ರಿಕೆ ಹಿಡ್ಕೊಂಡು ಅವನ ಪಕ್ಕ ಕೂತು, "ಬಾರೋ, ಮೊದಲನೇ ಮಾಡ್ಯೂಲ್ ಇಬ್ರೂ ಮಾಡೋಣ" ಅಂದ. ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದು ಕೂತು ಪೆನ್ನು ಕೇಳಿದ.