ಕಪಾಟಿನಲ್ಲಿ ಯಾರ ಪಕ್ಕ ಯಾರು?

ಮಕ್ಕಳೇ, ಗೋಡೆಗೆ ಸುಣ್ಣ ಬಳಿಯುವ ಮುಂಚೆ ದೊಡ್ಡವರು ಸುಟ್ಟ ಸುಣ್ಣದ ಹರಳುಗಳನ್ನು ನೀರಿಗೆ ಹಾಕುವುದನ್ನು ನೀವು ನೋಡಿರಬಹುದು. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ನೀರು ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಈ ಶಾಖ ಎಲ್ಲಿಂದ ಬಂತು? ಸುಟ್ಟ ಸುಣ್ಣವೆಂದರೆ ಕ್ಯಾಲ್ಸಿಯಂ ಆಕ್ಸೈಡ್. ಅದು ನೀರಿನೊಡನೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ ಆಗುತ್ತದೆ. ಈ ರಾಸಾಯನಿಕ ಕ್ರಿಯೆಯಲ್ಲಿ ಶಾಖ ಹೊರಬೀಳುತ್ತದೆ. ಇದೇ ಹರಳಿನ ಮೂಟೆಯನ್ನು ಒಣಹುಲ್ಲಿನ ಪಕ್ಕ ಇಟ್ಟಿದ್ದು, ಸೋರುವ ಮಾಡಿನಿಂದ ಮಳೆನೀರು ಅದರ ಮೇಲೆ ಬಿದ್ದರೆ? ಹುಲ್ಲಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಮಳೆಯಿಂದ ಬೆಂಕಿ! ಕೇಳಲು ವಿಚಿತ್ರ, ಆದರೆ ನಿಜ.

ಸುಣ್ಣ ಬೇಕಾದ ವಸ್ತು, ನೀರೂ ಬೇಕಾದ ವಸ್ತು. ಬೇಡದ ಕಡೆ ಎರಡೂ ಸೇರಿದ್ದೇ ತೊಂದರೆ. ಹೀಗೆ ಅಕ್ಕಪಕ್ಕ ಇರಬಾರದ ವಸ್ತುಗಳು ನಮ್ಮ ಸುತ್ತ ಇನ್ನೂ ಇವೆ. ಅವುಗಳಲ್ಲಿ ನಿಮಗೆ ಬಹಳ ಪರಿಚಿತವಾದದ್ದು ಬ್ಲೀಚಿಂಗ್ ಪುಡಿ.

ಬಾವಿಯ ನೀರಿಗೆ, ಕುಡಿಯುವ ನೀರಿನ ತೊಟ್ಟಿಗೆ, ಚರಂಡಿಯ ಪಕ್ಕಕ್ಕೆ ಹಾಕುವ ಬಿಳಿಯ ಪುಡಿ ಇದು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಎಂಬುವರು ಇದನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆಗ ಅದು ಬೇಕಾಗಿದ್ದುದು ಬಟ್ಟೆಯನ್ನು ಬಿಳುಪು ಮಾಡಲು. ಮಾಡುವ ಬಗೆ ಸರಳ: ಅರಳಿದ ಒಣ ಸುಣ್ಣದ ಮೇಲೆ ಕ್ಲೋರಿನ್ ಅನಿಲವನ್ನು ಹಾಯಿಸುವುದು. ಅಂದರೆ ಬ್ಲೀಚಿಂಗ್ ಪುಡಿಯೆಂದರೆ ಸುಣ್ಣದಲ್ಲಿ ಕಟ್ಟಿಹಾಕಿದ ಕ್ಲೋರಿನ್. ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಘಾಟು ಅದರದ್ದೇ.

ಈ ಕಟ್ಟನ್ನು ಬಿಚ್ಚುವ ವಸ್ತು ಯಾವುದು ಗೊತ್ತೇ? ಆಮ್ಲ. ಶೌಚಾಲಯ ತೊಳೆಯಲು ತರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಾಗಿರುತ್ತದೆ. ಅದು ಬ್ಲೀಚಿಂಗ್ ಪುಡಿಗೆ ತಾಗಿದರೆ ಕಟ್ಟಿದ್ದ ಕ್ಲೋರಿನ್ ಒಮ್ಮೆಲೇ ಹೊರಬರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಚೆನ್ನಾಗಿ ಸ್ವಚ್ಛವಾಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇದು ದೊಡ್ಡ ತಪ್ಪು. ಹಳದಿ ಮಿಶ್ರಿತ ಹಸಿರು ಬಣ್ಣದ ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ಅದು ಮೇಲೇರಿ ಹೋಗದೆ ನೆಲದ ಹತ್ತಿರವೇ ಕೂರುತ್ತದೆ. ಬಗ್ಗಿ ನೆಲ ಉಜ್ಜುವವರ ಮುಖ ಇರುವುದೂ ಅಲ್ಲೇ! ಕಣ್ಣು, ಗಂಟಲು, ಶ್ವಾಸಕೋಶಗಳ ತೇವದೊಡನೆ ಸೇರಿ ಅದು ಆಮ್ಲಗಳನ್ನು ಉಂಟುಮಾಡುತ್ತದೆ. ಉರಿ, ಕೆಮ್ಮು, ಉಸಿರುಕಟ್ಟುವಿಕೆ ಆರಂಭವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಅಸ್ತ್ರವಾಗಿ ಬಳಸಿದ್ದು ಇದೇ ಅನಿಲವನ್ನು.

ಘಾಟು ಬಂದರೆ ಏನು ಸೋರಿತೆಂದು ನೋಡಲು ಹೋಗಬೇಡಿ. ತಕ್ಷಣ ಬಯಲಿಗೆ ಬಂದು ದೊಡ್ಡವರಿಗೆ ತಿಳಿಸಿ. ಕೆಮ್ಮು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಇನ್ನು ಪ್ರಯೋಗಾಲಯದ ಒಂದು ಸ್ವಾರಸ್ಯ. ಪ್ರೌಢಶಾಲೆಗೆ ಹೋದಾಗ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಲೋಹವನ್ನು ನೋಡುವಿರಿ. ಅದನ್ನು ನೀರಿನಿಂದ ದೂರವಿಡಲೆಂದೇ ಈ ವ್ಯವಸ್ಥೆ. ನೀರು ತಾಗಿದರೆ ಹೈಡ್ರೋಜನ್ ಹೊರಬಂದು ಹೊತ್ತಿಕೊಳ್ಳುತ್ತದೆ. ಬಿಳಿ ರಂಜಕದ ಕಥೆ ಇದಕ್ಕೆ ತದ್ವಿರುದ್ಧ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಅದು ಗಾಳಿಯಲ್ಲಿ ಹೊತ್ತಿಕೊಳ್ಳುವುದರಿಂದ ಅದನ್ನು ನೀರಿನೊಳಗೆ ಇಡುತ್ತಾರೆ. ಎರಡೂ ಸೀಸೆಗಳು ತಮ್ಮಷ್ಟಕ್ಕೆ ಸುರಕ್ಷಿತ. ಹಾಗಾದರೆ ಪಕ್ಕಪಕ್ಕದಲ್ಲಿ ಇಡಬಹುದೇ? ಯೋಚಿಸಿ. ಎರಡೂ ಕೆಳಗೆ ಬಿದ್ದು ಒಡೆದರೆ ರಂಜಕದ ನೀರು ಸೋಡಿಯಂಗೆ ಹರಿಯುತ್ತದೆ! ಒಂದನ್ನು ಕಾಯುವ ವಸ್ತುವೇ ಇನ್ನೊಂದಕ್ಕೆ ಶತ್ರು. ಆದ್ದರಿಂದ ಬೇರೆ ಬೇರೆ ಕಪಾಟುಗಳೇ ಸರಿ. ಹೆಸರುಗಳ ಅಕ್ಷರಕ್ರಮದಲ್ಲಿ ಸೀಸೆ ಜೋಡಿಸುವುದು ನೋಡಲು ಅಂದವೇನೋ ಹೌದು. ಆದರೆ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಅಮೋನಿಯಾದ ಹತ್ತಿರವೇ ಬ್ಲೀಚಿಂಗ್ ಪುಡಿ ಬಂದು ಕೂರಬಹುದು. ಅವೆರಡೂ ಬೆರೆತರೆ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ.

ಸೀಸೆಯಲ್ಲಿ ಆಗುವುದು ಕಾರ್ಖಾನೆಯಲ್ಲಿ ಆದರೆ? 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯೊಂದರಲ್ಲಿ, ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ತುಂಬಿದ್ದ ಟ್ಯಾಂಕಿನೊಳಗೆ ನೀರು ಸೇರಿತು. ಕ್ರಿಯೆಯ ಶಾಖದಿಂದ ಒತ್ತಡ ಏರಿ, ವಿಷಾನಿಲ ನಿದ್ದೆಯಲ್ಲಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಅಲ್ಲಿ ಸೇರಬಾರದಾಗಿದ್ದ ವಸ್ತು ಬರೀ ನೀರು.

ನಿಮ್ಮ ಶಾಲೆಯ ವಿಷಯಕ್ಕೆ ಬರೋಣ. ಬ್ಲೀಚಿಂಗ್ ಪುಡಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು; ಕಬ್ಬಿಣದ ಡಬ್ಬಿ ತುಕ್ಕು ಹಿಡಿಯುತ್ತದೆ. ಜಾಗ ಒಣಗಿರಬೇಕು, ನೆರಳಿರಬೇಕು. ಸೀಮೆಎಣ್ಣೆ, ಫಿನಾಯಿಲ್ ಇವುಗಳ ನೆರೆಯೂ ಅದಕ್ಕೆ ಬೇಡ. ಆಸಿಡ್ ಬೇರೆ ಕಡೆ, ಕೆಳಗಿನ ಹಲಗೆಯ ಮೇಲೆ, ಪ್ಲಾಸ್ಟಿಕ್ ತಟ್ಟೆಯೊಳಗೆ ಇರಲಿ. ಮೇಲಿಟ್ಟರೆ ಸೋರಿದ್ದು ಕೆಳಗಿನ ಎಲ್ಲದರ ಮೇಲೂ ಇಳಿಯುತ್ತದೆ. ಆಸಿಡನ್ನು ತಂಪು ಪಾನೀಯದ ಬಾಟಲಿಗೆ ತುಂಬುವ ಅಭ್ಯಾಸವಂತೂ ಬೇಡವೇ ಬೇಡ. ಬಾಯಾರಿದವರಿಗೆ ಬಾಟಲಿ ಮಾತ್ರ ಕಾಣುತ್ತದೆ.

ಮಾಡಿ ನೋಡಿ: ಶುಚಿ ಮಾಡುವ ಸಾಮಾನು ಇಡುವ ಜಾಗವನ್ನು ಶಿಕ್ಷಕರ ಜೊತೆ ಹೋಗಿ ನೋಡಿ. ಮುಚ್ಚಳ ತೆಗೆಯಬೇಡಿ, ಮೂಸಬೇಡಿ. ಯಾವುದರ ಪಕ್ಕ ಯಾವುದಿದೆ ಎಂದು ಚಿತ್ರ ಬರೆದು, ಹೆಸರಿನ ಚೀಟಿ ಇಲ್ಲದ ಬಾಟಲಿಗಳನ್ನು ಗುರುತಿಸಿ. ಬೇರೆಯಾಗಬೇಕಾದ ಜೋಡಿಗಳ ನಡುವೆ ಕೆಂಪು ಗೆರೆ ಎಳೆದು ಮುಖ್ಯೋಪಾಧ್ಯಾಯರಿಗೆ ಕೊಡಿ.