ಬಹುಮಾನದ ದುಡ್ಡು ಯಾರ ಜೇಬಿನದು?

2025ರ ಬೇಸಿಗೆಯಲ್ಲಿ ನಾಲ್ಕು ಲಕ್ಷ ರೂಪಾಯಿಯ ಎಫ್‌ಡಿಯೊಂದನ್ನು ಅವಧಿಗೆ ಮುಂಚೆಯೇ ಮುರಿಸಿದೆ. ಚಾಮರಾಜಪೇಟೆಯಲ್ಲಿರುವ ಅಕ್ಕನ ಮಗ ಆನ್‌ಲೈನ್ ಪೋಕರ್ ಟೂರ್ನಿಗಳಿಗೆ ಸುರಿದು ಮಾಡಿಕೊಂಡಿದ್ದ ಸಾಲ ತೀರಿಸುವುದಕ್ಕೆ. ಸಾಲದ ಬಹುಪಾಲು ಕ್ರೆಡಿಟ್ ಕಾರ್ಡಿನದು. ತಿಂಗಳಿಗೆ ಶೇ 3.5 ಬಡ್ಡಿ. ನನ್ನ ಎಫ್‌ಡಿಗೆ ಸಿಗುತ್ತಿದ್ದುದು ವರ್ಷಕ್ಕೆ ಶೇ 7. ಬ್ಯಾಂಕಿನ ದಂಡ ಕಳೆದರೂ ಮುರಿಸುವುದೇ ಸರಿ ಅನ್ನಿಸಿತು. ‘ಮಾಡಿದ್ದನ್ನು ಅವನೇ ಅನುಭವಿಸಲಿ’ ಎಂದವರು ಮನೆಯಲ್ಲಿದ್ದರು. ವರ್ಷಕ್ಕೆ ಶೇ 40 ದಾಟುವ ಬಡ್ಡಿಯಲ್ಲಿ ಯಾರೂ ಪಾಠ ಕಲಿಯುವುದಿಲ್ಲ, ಮುಳುಗುತ್ತಾರೆ ಅಷ್ಟೆ. ನಾನು ಹಾಕಿದ ಷರತ್ತು ಒಂದೇ: ಆಡಿದ ಅಷ್ಟೂ ಟೂರ್ನಿಗಳ ಲೆಕ್ಕ ತೆಗೆದುಕೊಂಡು ನನ್ನ ಮುಂದೆ ಕೂರಬೇಕು.

ಕೂತ. ‘ಮಾವ, ಇದು ಅಂದರ್ ಬಾಹರ್ ಅಲ್ಲ, ಸ್ಕಿಲ್ ಗೇಮ್. ಹೈಕೋರ್ಟೇ ಹೇಳಿದೆ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತ್ತು. ಕೌಶಲದ ಆಟವೂ ಜೂಜೂ ಒಂದೇ ಅಲ್ಲ ಎಂಬುದು ಆ ತೀರ್ಪಿನ ತಿರುಳು. ಆದರೆ ಕೋರ್ಟು ನೋಡಿದ್ದು ಕಾನೂನನ್ನು. ಜೇಬಿನ ಲೆಕ್ಕ ನಾವೇ ನೋಡಿಕೊಳ್ಳಬೇಕು.

ಬಸವನಗುಡಿಯ ಜನಕ್ಕೆ ಈ ಪಾಠ ಹೊಸದಲ್ಲ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಹೆಚ್ಚು ಬಡ್ಡಿಯ ಆಸೆಗೆ ನಿವೃತ್ತಿಯ ದುಡ್ಡೆಲ್ಲ ಅಲ್ಲಿಟ್ಟಿದ್ದ ಹಿರಿಯರು ಕಂಗಾಲಾದರು. ‘ಇಷ್ಟು ಬಡ್ಡಿ ಎಲ್ಲಿಂದ ಬರುತ್ತೆ?’ ಎಂದು ಕೇಳುವುದನ್ನು ಈ ಬಡಾವಣೆ ಅಂದು ಕಲಿತಿತು. ಪೋಕರಿನ ಬಹುಮಾನಕ್ಕೂ ಅದೇ ಪ್ರಶ್ನೆ ಹಾಕಿ.

ಎಂಟ್ರಿ 1,100 ರೂಪಾಯಿಯ ಟೂರ್ನಿ ಎಂದಿಟ್ಟುಕೊಳ್ಳಿ. ಅದರಲ್ಲಿ 1,000 ಬಹುಮಾನದ ನಿಧಿಗೆ, 100 ಆ್ಯಪ್‌ನವರಿಗೆ. ಎಲ್ಲರಿಗೂ ಸಮನಾಗಿ ಚಿಪ್ಸ್ ಕೊಡುತ್ತಾರೆ. ಆ ಚಿಪ್ಸನ್ನು ನಡುವೆ ನಗದು ಮಾಡಿಕೊಂಡು ಎದ್ದುಹೋಗುವಂತಿಲ್ಲ. ಕೆಲವು ನಿಮಿಷಕ್ಕೊಮ್ಮೆ ಬ್ಲೈಂಡ್, ಅಂದರೆ ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಪಣ, ಏರುತ್ತದೆ. ಆಡದೆ ಸುಮ್ಮನೆ ಕೂತರೂ ಚಿಪ್ಸ್ ಕರಗುತ್ತವೆ. ಮುಗಿದರೆ ಹೊರಗೆ. ನೂರು ಜನ ಸೇರಿದರೆ ನಿಧಿ 1,00,000. ಸಾಮಾನ್ಯವಾಗಿ ದುಡ್ಡು ಸಿಗುವುದು ಕೊನೆಗೆ ಉಳಿದ ಹತ್ತು ಹದಿನೈದು ಜನಕ್ಕೆ. ಅದರಲ್ಲೂ ದೊಡ್ಡ ಪಾಲು ಮೊದಲ ಮೂವರದು. ಉಳಿದ 85–90 ಜನ ಬರಿಗೈ.

ಈಗ ಎಲ್ಲರಷ್ಟೇ ಚೆನ್ನಾಗಿ ಆಡುವವನೊಬ್ಬ ಇಂಥ ನೂರು ಟೂರ್ನಿ ಆಡಲಿ. ಕಟ್ಟುವುದು 1,10,000. ಸರಾಸರಿ ಲೆಕ್ಕದಲ್ಲಿ ವಾಪಸ್ ಬರುವುದು 1,00,000. ಅಂದರೆ ಬರೀ ಅಸಲು ಉಳಿಸಿಕೊಳ್ಳಲು ಅವನು ಸರಾಸರಿಗಿಂತ ಶೇ 10ರಷ್ಟು ಹೆಚ್ಚು ಗೆಲ್ಲಬೇಕು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಪ್ರತಿ ಸಲ ಹೊಸ ದುಡ್ಡು ಹಾಕುವವನ ವಾಲೆಟ್‌ಗೆ 1,10,000 ಸೇರಬೇಕಾದರೆ ಕೈಯಿಂದ 1,40,800 ಹೋಗಬೇಕಿತ್ತು. ನಷ್ಟ 40,800. ಗೆದ್ದದ್ದನ್ನೇ ಮತ್ತೆ ಹೂಡಿದರೆ ತೆರಿಗೆಯ ಭಾರ ಇಳಿಯುತ್ತಿತ್ತು. ಹಲವು ಕಂಪನಿಗಳು ಅದನ್ನು ಬೋನಸ್ ಎಂದು ತುಂಬಿಕೊಟ್ಟದ್ದೂ ಉಂಟು. ಆಗಲೂ ಮೊದಲಿನ 10,000 ಹೋದದ್ದೇ. ಎಲ್ಲ ದಾಟಿ ಗೆದ್ದವನ ನಿವ್ವಳ ಲಾಭಕ್ಕೆ ಶೇ 30 ಟಿಡಿಎಸ್.

ನನಗೆ ಸಹಿಸಲಾಗದ್ದು ರೀ-ಎಂಟ್ರಿ. ಸೋತು ಹೊರಬಿದ್ದವನಿಗೆ ಆ ಕ್ಷಣವೇ, ಸೋಲಿನ ಉರಿ ಆರುವ ಮುಂಚೆಯೇ, ಇನ್ನೊಂದು 1,100 ಕಟ್ಟಲು ಗುಂಡಿ ತೋರಿಸುತ್ತಿದ್ದರು. ಹುಡುಗನ ಲೆಕ್ಕದಲ್ಲಿ 1,100ರ ಟೂರ್ನಿ ಎಷ್ಟೋ ರಾತ್ರಿ 3,300 ಆಗಿತ್ತು. ಕೌಶಲದ ಆಟವೆಂದು ಕೋರ್ಟಿನಲ್ಲಿ ವಾದಿಸಿ, ಕೌಶಲ ಕೈಕೊಡುವ ಹೊತ್ತಿಗೇ ಹೊಂಚುಹಾಕಿ ದುಡ್ಡು ಕೇಳುವುದು ಯಾವ ನ್ಯಾಯ? ‘ಗ್ಯಾರಂಟಿ ಹತ್ತು ಲಕ್ಷ’ ಎಂಬ ಬ್ಯಾನರಿನ ಹಣದಲ್ಲೂ ಹೀಗೆ ಮತ್ತೆ ಮತ್ತೆ ಕಟ್ಟಿದವರ ಪಾಲಿತ್ತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿಸಿಕೊಂಡು ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಕರ್ನಾಟಕ ಹೈಕೋರ್ಟೂ ಸೇರಿ ಹಲವೆಡೆ ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ದೊಡ್ಡ ಆ್ಯಪ್‌ಗಳು ಹಣದಾಟ ನಿಲ್ಲಿಸಿದವು. ಆ ಜಾಗಕ್ಕೆ ನುಗ್ಗುವುದು ಟೆಲಿಗ್ರಾಂ ಲಿಂಕಿನಲ್ಲಿ ಬರುವ ವಿದೇಶಿ ಸೈಟುಗಳು. ಅಲ್ಲಿ ಗೆದ್ದ ಹಣ ಕೈಗೆ ಬರದಿದ್ದರೆ ಕೇಳಲು ಯಾರಿದ್ದಾರೆ?

ಕಿರಿಯರಿಗೆ ಒಂದು ಮಾತು. ಮಲ್ಲೇಶ್ವರದಲ್ಲಿದ್ದ ನಮ್ಮ ಅಜ್ಜಿ ಹೂವಿನವಳಿಗೆ ಕೊಟ್ಟ ಚಿಲ್ಲರೆಯನ್ನೂ ಬರೆದಿಡುತ್ತಿದ್ದರು. ನೀವು ಯುಪಿಐನಲ್ಲಿ ಕಳಿಸಿದ್ದನ್ನು ತಿಂಗಳಿಗೊಮ್ಮೆಯಾದರೂ ಕೂಡಿ ನೋಡಿ. ರಾತ್ರಿ ಹನ್ನೊಂದರ ಮೇಲೆ ದುಡ್ಡಿನ ತೀರ್ಮಾನ ಬೇಡ. ಸಾಲ ತಂದು ಆಡುವ ಯಾವ ಆಟವೂ ಬೇಡ.

ಪೋಕರ್ ಕಲಿಯುವ ಆಸೆಯಿದ್ದರೆ ದುಡ್ಡಿಲ್ಲದೆ ಆಡುವ ಟೂರ್ನಿಗಳಿವೆ. ನಿಯಮ ಅವೇ, ಲೆಕ್ಕಾಚಾರ ಅದೇ. ಈಗಾಗಲೇ ಸಾಲವಾಗಿದ್ದರೆ ಇವತ್ತೇ ಮನೆಯಲ್ಲಿ ಬಾಯಿಬಿಟ್ಟು ಹೇಳಿ, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಮನೆಯ ಹಿರಿಯರೇ, ಹೇಳಲು ಬಂದವರನ್ನು ಬೈದು ಓಡಿಸಬೇಡಿ. ಕೂರಿಸಿಕೊಂಡು ಲೆಕ್ಕ ಕೇಳಿ.