ತಳಪಾಯದ ಹಣ ಯಾರು ಕೊಡಬೇಕು?



ಕಳೆದ ಕಾಫಿ ಕೊಯ್ಲಿಗೆ ಬಂದಿದ್ದ ಮೊಳಕಾಲ್ಮುರು ಕಡೆಯ ಒಂದು ಸಂಸಾರ ಸಂಕ್ರಾಂತಿಗೆ ಮೊದಲೇ ಲೆಕ್ಕ ಮಾಡಿ ಕೊಡಿರೆಂದು ಕೇಳಿತು. ಹಣ್ಣು ಇನ್ನೂ ಗಿಡದಲ್ಲೇ ಇತ್ತು. ನನಗೆ ಸಿಟ್ಟು ಬಂತು. ವಿಚಾರಿಸಿದಾಗ, "ಊರಲ್ಲಿ ಬಸವ ವಸತಿ ಮನೆ ಮಂಜೂರಾಗೈತೆ ಸಾಮಿ, ತಳಪಾಯ ಹಾಕಿ ಫೋಟೋ ತೆಗೆಸದಿದ್ರೆ ಕಂತು ಬರಲ್ಲ" ಎಂದರು. ಆ ತಳಪಾಯದ ದುಡ್ಡು ದುಡಿಯಲೆಂದೇ ಅವರು ನಮ್ಮಲ್ಲಿಗೆ ಬಂದಿದ್ದರು! ಅನಂತರ ಕುಳಿತು ಈ ಯೋಜನೆಗಳ ನಿಯಮಗಳನ್ನು ಓದಿದೆ.

ಹಳ್ಳಿಯ ವಸತಿಗೆ ಹಣ ತೆಗೆದಿರಿಸುವುದು ಹೊಸತೇನಲ್ಲ. 1985ರಲ್ಲಿ ಇಂದಿರಾ ಆವಾಸ್ ಬಂತು. ನಮ್ಮ ರಾಜ್ಯದಲ್ಲಿ 1991-92ರಲ್ಲಿ ಆಶ್ರಯ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂದವು. 2008ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕಿನಲ್ಲಿ ಗ್ರಾಮೀಣ ವಸತಿ ನಿಧಿಯನ್ನೂ ಸ್ಥಾಪಿಸಿದರು. ಆದರೆ ನಿಧಿಯ ಹಣ ಕೈಸೇರುವುದು ಸಾಲವಾಗಿ. ಹಕ್ಕುಪತ್ರವಿಲ್ಲದ ಕೂಲಿಕಾರನಿಗೆ ಸಾಲ ಕೊಡುವವರು ಯಾರು?

ಈಗ ಚಳ್ಳಕೆರೆಯ ಗಡಿಯನ್ನೇ ನೋಡಿ. ಪೇಟೆ ನಗರಸಭೆಗೆ ಸೇರಿದ್ದು. ಅಲ್ಲಿ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವ ಬಡವನಿಗೆ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಕೇಂದ್ರದ ಪಾಲೇ 1.5 ಲಕ್ಷ ರೂ. ಗಡಿಯಾಚೆಯ ಹಟ್ಟಿಯವನಿಗೆ ಗ್ರಾಮೀಣ ಯೋಜನೆಯಲ್ಲಿ ಒಟ್ಟು 1.2 ಲಕ್ಷ, ಅದರಲ್ಲಿ ಕೇಂದ್ರದ್ದು 60 ಪಾಲು, ಎಂದರೆ 72,000. 2016ರಲ್ಲಿ ಗೊತ್ತುಪಡಿಸಿದ ಈ 1.2 ಲಕ್ಷವನ್ನು 2024ರಲ್ಲಿ ಯೋಜನೆ ಮುಂದುವರಿಸಿದಾಗಲೂ ಹೆಚ್ಚಿಸಲಿಲ್ಲ. ಸಿಮೆಂಟು, ಕಬ್ಬಿಣಗಳ ಬೆಲೆ ನಿಮಗೇ ಗೊತ್ತು. ಅವನ್ನು ಹಟ್ಟಿಯವನು ಪೇಟೆಯಿಂದಲೇ ಹೇರಿಸಿಕೊಂಡು ಹೋಗಬೇಕು, ಬಾಡಿಗೆ ಬೇರೆ. ಹಳ್ಳಿಯಲ್ಲಿ ಕಲ್ಲು, ಮಣ್ಣು ಅಗ್ಗವೆಂಬ ವಾದವಿದೆ. ಮಾಳಿಗೆ ಮನೆಗಳ ಕಾಲದಲ್ಲಿ ಅದು ನಿಜವಿದ್ದೀತು. ಉದ್ಯೋಗ ಖಾತರಿಯಿಂದ 90 ದಿನದ ಕೂಲಿ ಸೇರಿಸುವ ಏರ್ಪಾಡನ್ನು 2016ರಲ್ಲಿ ಮಾಡಿದ್ದರು, ಒಪ್ಪುತ್ತೇನೆ. ಆದರೆ ಮಳೆ ಕಾಣದ ಸೀಮೆಯ ಜನ ಆ ದಿನಗಳಲ್ಲಿ ನಮ್ಮ ತೋಟದಲ್ಲಿರುತ್ತಾರಲ್ಲ!

ಇದೇ ತೊಡಕು. ಬಸವ ವಸತಿಯಲ್ಲಿ ಅನುದಾನ ಬರುವುದು ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ, ಕೆಲಸ ಮುಗಿದ ಮೇಲೆ. ಮೊದಲ ಹಂತದ ಹಣ ಕೈಯಲ್ಲಿಲ್ಲದವನು ಬಡ್ಡಿಗೆ ತರುತ್ತಾನೆ, ಇಲ್ಲವೇ ಮಂಜೂರಾದ ಮನೆಯನ್ನು ಕೈಬಿಡುತ್ತಾನೆ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ 70,000 ರೂ.ವರೆಗೆ ಸಾಲ ಕೊಡಿಸಲು ಅವಕಾಶವಿದೆ. ಅದನ್ನು ಕೇಳಬೇಕೆಂದು ಆ ಸಂಸಾರಕ್ಕೆ ಯಾರೂ ಹೇಳಿರಲಿಲ್ಲ.

ನಾವು ಸಣ್ಣ ಬೆಳೆಗಾರರು, ನಮಗೂ ಕಂತುಗಳಿವೆ. ಆದರೂ ಸಂಘದಿಂದ ತಳಪಾಯದ ಮಟ್ಟಿಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟು, ಮೊದಲ ಕಂತು ಬಂದಾಗ ಹಿಂಪಡೆಯಬಹುದೆಂದು ನನ್ನ ಅಭಿಪ್ರಾಯ. ಕೆಲವರಿಂದ ಹಣ ಮರಳದೆಯೂ ಹೋದೀತು. ಒಂದು ಎಚ್ಚರಿಕೆ: ಕೈಗಡ ಕೊಟ್ಟೆವೆಂದು ಆಳನ್ನು ತೋಟಕ್ಕೆ ಕಟ್ಟಿಹಾಕುವಂತಿಲ್ಲ. ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಂತೆ ಅಪರಾಧ. ಆದ್ದರಿಂದ ಕೈಗಡದ ಪತ್ರದಲ್ಲಿ ಕೆಲಸದ ಷರತ್ತು ಇರಕೂಡದು.

ಆ ಸಂಸಾರಕ್ಕೆ ಅಂದು ಪೂರ್ತಿ ಲೆಕ್ಕ ಕೊಟ್ಟು ಕಳುಹಿಸಿದೆ. ನಾಲ್ಕು ಮೂಟೆ ಹಣ್ಣು ಉದುರಿತು. ಕೈಗಡದ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡುತ್ತೇನೆ. ಬೇಡವೆನ್ನುವವರೂ ದಯವಿಟ್ಟು ಬರಬೇಕು.

— ಕಾರ್ಯದರ್ಶಿ